ಮೃತ್ಯುವೂ ಅತ್ತಳು



ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿರುವ ನಮ್ಮಂಥವರ ಮನೆಗಳಿಗೆ ಮರಣವಾರ್ತೆಯು ಬಹುಮಟ್ಟಿಗೆ ದೂರವಾಣಿಯ ಮೂಲಕವೇ ಬರುತ್ತದೆ. ತಂದೆ ಧಾರವಾಡದಲ್ಲಿ, ತಾಯಿಯ ತವರು ರಾಯಚೂರಿನಲ್ಲಿ, ಅಣ್ಣ ಉಡುಪಿಯಲ್ಲಿ. ಉಳಿದವರು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ. ಸುದ್ದಿ ತಿಳಿದು, ಸಿಕ್ಕಿದ ಗಾಡಿ ಹಿಡಿದು ಊರು ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಚಿತೆಯೇ ಆರಿರುತ್ತದೆ. 2020 ಮತ್ತು 2021ರ ಮಹಾಮಾರಿಯ ಕಾಲದಲ್ಲಂತೂ ಹೆತ್ತವರ ಮುಖವನ್ನು ಕೊನೆಯ ಬಾರಿ ನೋಡುವ ಭಾಗ್ಯವೂ ಅನೇಕರಿಗೆ ಒದಗಲಿಲ್ಲ. ಹದಿಮೂರು ದಿನಗಳ ಕರ್ಮಾಂಗವು ಮುಗಿದು, ವೈಕುಂಠ ಸಮಾರಾಧನೆಗೆ ಬಂದ ನಂಟರಿಷ್ಟರು ಹಿಂದಿರುಗಿದ ಮೇಲೆ, ಆ ಮನೆಯ ಮೌನದಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ದೇಹ ನಶ್ವರ, ಆತ್ಮ ನಿತ್ಯ ಎಂದು ಓದಿಕೊಂಡ ನಾವು ಅಳುವುದು ಅಜ್ಞಾನವೇ? ದೇವರು ನ್ಯಾಯವಂತನಾದರೆ ಇವರಿಗೇ, ಈ ವಯಸ್ಸಿನಲ್ಲೇ, ಹೀಗೇಕೆ ಆಯಿತು? ಹೋದವರು ಎಲ್ಲಿಗೆ ಹೋದರು. ಅಲ್ಲಿ ಅವರಿಗೆ ಸುಖವಿದೆಯೇ?

ಈ ಮೂರು ಪ್ರಶ್ನೆಗಳೂ ಹೊಸತಲ್ಲ. ಇವನ್ನು ನಮಗಿಂತ ಮೊದಲು ಕೇಳಿದವನು ಧರ್ಮರಾಜ. ಅವನಿಗೆ ದೊರೆತ ಉತ್ತರಗಳನ್ನು ಭಗವಾನ್ ವೇದವ್ಯಾಸರು ಮಹಾಭಾರತದ ಮೂರು ಆಖ್ಯಾನಗಳಲ್ಲಿ ಇರಿಸಿದ್ದಾರೆ. ಶ್ರೀಮದಾಚಾರ್ಯರ ಸಿದ್ಧಾಂತದ ಬೆಳಕಿನಲ್ಲಿ ಅವನ್ನು ಕ್ರಮವಾಗಿ ಅನುಸಂಧಾನ ಮಾಡೋಣ.

ಮೊದಲನೆಯದು ಅಳುವನ್ನು ಕುರಿತದ್ದು. ಅಭಿಮನ್ಯುವು ಚಕ್ರವ್ಯೂಹದಲ್ಲಿ ಮಡಿದ ದಿನ ಧರ್ಮರಾಜನಿಗೆ ಒದಗಿದ ಶೋಕವು ಸಾಮಾನ್ಯವಾದುದಲ್ಲ. ವ್ಯೂಹವನ್ನು ಭೇದಿಸೆಂದು ಆ ಬಾಲಕನನ್ನು ಕಳುಹಿಸಿದವನು ತಾನೇ. ಹಾಗೆ ಕುಸಿದು ಕುಳಿತವನ ಬಳಿಗೆ ವ್ಯಾಸರು ಬಂದರು. ರಣದಲ್ಲಿ ಮಗನನ್ನು ಕಳೆದುಕೊಂಡ ಅಕಂಪನನೆಂಬ ರಾಜನಿಗೆ ಹಿಂದೆ ನಾರದರು ಹೇಳಿದ್ದ ಮೃತ್ಯುವಿನ ಜನ್ಮಕಥೆಯನ್ನು ಹೇಳಿದರೆಂದು ಪ್ರಚಲಿತ ಪಾಠದ ದ್ರೋಣಪರ್ವದಲ್ಲಿದೆ. ಶಾಂತಿಪರ್ವದಲ್ಲಿಯೂ ಈ ಕಥೆಯು ಭೀಷ್ಮರ ಬಾಯಿಂದ ಬರುತ್ತದೆ.

ಸೃಷ್ಟಿಯಾದ ಪ್ರಾಣಿಗಳು ಬೆಳೆಯುತ್ತಲೇ ಹೋದವು, ಸಾಯುವ ಮಾತಿರಲಿಲ್ಲ. ಭೂಮಿಗೆ ಭಾರ ಮಿತಿಮೀರಿತು. ಚತುರ್ಮುಖನ ಕ್ರೋಧವು ಬೆಂಕಿಯಾಗಿ ಲೋಕವನ್ನು ಸುಡತೊಡಗಿದಾಗ ರುದ್ರದೇವರು ಪ್ರಜೆಗಳ ಮೇಲಣ ಕರುಣೆಯಿಂದ ಬೇಡಿಕೊಂಡರು. ಬ್ರಹ್ಮನು ಆ ಬೆಂಕಿಯನ್ನು ತನ್ನೊಳಗೇ ಅಡಗಿಸಿಕೊಂಡನು. ಆಗ ಅವನ ಇಂದ್ರಿಯಗಳಿಂದ ಒಬ್ಬ ಸ್ತ್ರೀ ಹೊರಬಂದಳು. ಅವಳೇ ಮೃತ್ಯು. ಪ್ರಜೆಗಳನ್ನು ಕಾಲಕಾಲಕ್ಕೆ ಕೊಂಡೊಯ್ಯುವ ಕೆಲಸವನ್ನು ಅವಳಿಗೆ ವಹಿಸಲಾಯಿತು. ಅದನ್ನು ಕೇಳಿದೊಡನೆ ಅವಳು ಮಾಡಿದ್ದೇನು? ಅತ್ತಳು. ತಂದೆತಾಯಿಗಳಿಂದ ಮಕ್ಕಳನ್ನು, ಮಕ್ಕಳಿಂದ ತಂದೆತಾಯಿಗಳನ್ನು ತಾನು ಹೇಗೆ ಅಗಲಿಸಲಿ, ಅವರ ಕಣ್ಣೀರು ತನ್ನನ್ನು ಸುಡದೆ ಬಿಟ್ಟೀತೇ ಎಂದು ಅಂಗಲಾಚಿದಳು. ಆ ಕೆಲಸದಿಂದ ಬಿಡುಗಡೆ ಬೇಡಿ ದೀರ್ಘಕಾಲ ಉಗ್ರವಾದ ತಪಸ್ಸನ್ನಾಚರಿಸಿದಳು. ಬ್ರಹ್ಮನು ಅವಳ ಕಣ್ಣೀರಿನ ಹನಿಗಳನ್ನು ನೆಲಕ್ಕೆ ಬೀಳಗೊಡದೆ ತನ್ನ ಅಂಗೈಯಲ್ಲಿ ಹಿಡಿದನು. ಆ ಹನಿಗಳೇ ವ್ಯಾಧಿಗಳಾಗಿ ಪ್ರಾಣಿಗಳನ್ನು ಬಾಧಿಸುವುವು. ಅವಳಿಗೆ ಅಧರ್ಮದ ಲೇಪವಿಲ್ಲ. ಕಾಮಕ್ರೋಧಗಳನ್ನು ತೊರೆದು ಎಲ್ಲರನ್ನೂ ಸಮನಾಗಿ ಕಾಣುತ್ತಾ ಅವಳು ತನ್ನ ನಿಯೋಗವನ್ನು ನೆರವೇರಿಸಲಿ ಎಂದು ಅನುಗ್ರಹಿಸಿದನು.

ಮಹಾಭಾರತದ ಈ ದರ್ಶನವು ಎಷ್ಟು ಸೂಕ್ಷ್ಮವಾದುದು! ಸಾವಿನ ಅಧಿದೇವತೆಯೇ ತನ್ನ ಕೆಲಸವನ್ನು ಕಂಡು ಅತ್ತಿದ್ದಾಳೆ. ಹಾಗಿರುವಾಗ ತಾಯಿಯನ್ನು ಕಳೆದುಕೊಂಡ ಮಗಳು ಅತ್ತರೆ ಅದನ್ನು ಅಜ್ಞಾನವೆನ್ನಲು ನಮಗೆ ಅಧಿಕಾರವೆಲ್ಲಿದೆ? ಶ್ರೀಮದಾಚಾರ್ಯರ ಮತದಲ್ಲಂತೂ ಜಗತ್ತು ಸತ್ಯ. ಜಗತ್ತು ಸತ್ಯವಾದ ಮೇಲೆ ಅದರಲ್ಲಿಯ ಸಂಬಂಧ ಸತ್ಯ, ಅಗಲಿಕೆ ಸತ್ಯ, ಅದರಿಂದ ಹುಟ್ಟುವ ದುಃಖವೂ ಸತ್ಯ. "ಎಲ್ಲವೂ ತೋರಿಕೆ, ಏಕೆ ಅಳುವೆ?" ಎಂಬ ಸಮಾಧಾನವು ನಮ್ಮ ಸಿದ್ಧಾಂತಕ್ಕೆ ಒಪ್ಪುವುದಲ್ಲ. ಗೀತೆಯಲ್ಲಿ ಭಗವಂತನು ಅರ್ಜುನನ ಶೋಕವನ್ನು ನಿವಾರಿಸಿದ್ದು ನಿಜ. ಆದರೆ ಅಲ್ಲಿ ನಿವಾರಿಸಿದ್ದು ಕರ್ತವ್ಯವನ್ನು ಕೈಬಿಡುವಂತೆ ಮಾಡಿದ ಶೋಕವನ್ನು. ಕಣ್ಣೀರು ಬಂದರೂ ಕೈಗಳು ಕರ್ತವ್ಯವನ್ನು ಬಿಡದಿದ್ದರೆ ಆ ಕಣ್ಣೀರಿಗೆ ದೋಷವಿಲ್ಲ.

ಶ್ರೀಮದಾಚಾರ್ಯರು ಅವತರಿಸಿದ ಮನೆಯೇ ಶೋಕವನ್ನು ಬಲ್ಲ ಮನೆಯಾಗಿತ್ತು. ಮಧ್ಯಗೇಹ ಭಟ್ಟರ ದಂಪತಿಗಳು ಅದಕ್ಕೆ ಮೊದಲು ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡಿದ್ದರು. ಉಡುಪಿಯ ಅನಂತಾಸನ ದೇವರನ್ನು 12 ವರ್ಷ ವ್ರತನಿಷ್ಠೆಯಿಂದ ಸೇವಿಸಿದ ಮೇಲೆ ಈ ಮಗ ದೊರೆತನು. ಸುಮಧ್ವವಿಜಯವು ಇದನ್ನು ಹೇಳುತ್ತದೆ. ಆ ಮಗನೂ ಸಂನ್ಯಾಸಕ್ಕೆ ಹೊರಟುನಿಂತಾಗ ತಂದೆತಾಯಿಗಳ ಎದೆ ಒಡೆಯಿತು. ಸರ್ವಜ್ಞರಾದ ಆಚಾರ್ಯರು ಅವರ ದುಃಖವನ್ನು ಹಗುರವಾಗಿ ಕಾಣಲಿಲ್ಲ. ತಮಗೊಬ್ಬ ತಮ್ಮನು ಹುಟ್ಟುವವರೆಗೆ ಕಾದರು. ಆ ತಮ್ಮನೇ ಮುಂದೆ ಶ್ರೀವಿಷ್ಣುತೀರ್ಥರೆನಿಸಿದರು. ಜ್ಞಾನವು ಪೂರ್ಣವಾದಲ್ಲಿ ಕರುಣೆಯು ಕಡಿಮೆಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಎರಡನೆಯದು ನ್ಯಾಯದ ಪ್ರಶ್ನೆ. ಯುದ್ಧ ಮುಗಿದು, ಶರಶಯ್ಯೆಯಲ್ಲಿ ಮಲಗಿರುವ ಪಿತಾಮಹರನ್ನು ನೋಡಿ ಧರ್ಮರಾಜನು ಇದಕ್ಕೆಲ್ಲ ತಾನೇ ಕಾರಣನೆಂದು ತನ್ನನ್ನೇ ಹಳಿದುಕೊಳ್ಳುತ್ತಾನೆ. ಆಗ ಭೀಷ್ಮರು ಹೇಳಿದ ಕಥೆಯೇ ಅನುಶಾಸನಪರ್ವದ ಆರಂಭದಲ್ಲಿರುವ ಗೌತಮಿಯ ಕಥೆ. ಗೌತಮಿ ಎಂಬ ವೃದ್ಧೆಯ ಮಗನನ್ನು ಹಾವು ಕಚ್ಚಿತು, ಬಾಲಕನು ಸತ್ತನು. ಅರ್ಜುನಕನೆಂಬ ಬೇಡನು ಆ ಹಾವನ್ನು ಹಗ್ಗದಿಂದ ಬಿಗಿದು ತಂದು, ಇದನ್ನು ಬೆಂಕಿಗೆ ಹಾಕಲೇ, ತುಂಡುತುಂಡಾಗಿ ಕತ್ತರಿಸಲೇ ಎಂದು ಕೇಳಿದನು. ಅದನ್ನು ಕೊಂದರೆ ತನ್ನ ಮಗನು ಎದ್ದು ಬರುವನೇ, ಬಿಟ್ಟುಬಿಡು ಎಂದಳು ಗೌತಮಿ. ಬೇಡನು ಒಪ್ಪಲಿಲ್ಲ. ಹಾವು ಹೇಳಿತು: ನಾನು ಸ್ವತಂತ್ರನಲ್ಲ, ಮೃತ್ಯುವು ಪ್ರೇರಿಸಿತು. ಮೃತ್ಯುವು ಬಂದು ಹೇಳಿತು: ನಾನೂ ಸ್ವತಂತ್ರನಲ್ಲ, ಕಾಲವು ಪ್ರೇರಿಸಿತು. ಕಾಲನು ಬಂದು ಹೇಳಿದನು: ನಾವು ಯಾರೂ ಕಾರಣರಲ್ಲ, ಬಾಲಕನ ಕರ್ಮವೇ ಕಾರಣ. ಆಗ ಗೌತಮಿಯು, ತನ್ನ ಕರ್ಮವೂ ಇದರಲ್ಲಿ ಸೇರಿದೆ ಎಂದು ತಾನಾಗಿಯೇ ಹೇಳಿ, ಎಲ್ಲರನ್ನೂ ಕಳುಹಿಸಿಕೊಟ್ಟು, ಹಾವಿನ ಕಟ್ಟನ್ನು ಬಿಚ್ಚಿಸಿದಳು.

ರೈಲ್ವೆಯ ಸೇವೆಯಲ್ಲಿ ಆಯುಷ್ಯ ಕಳೆದವರಿಗೆ ಈ ಕಥೆಯ ಮಧ್ಯಭಾಗವು ಬಹಳ ಪರಿಚಿತ. ಅಪಘಾತವಾದರೆ ವಿಚಾರಣೆ ನಡೆಯುತ್ತದೆ. ಚಾಲಕನು ಸಿಗ್ನಲ್ಲನ್ನು ತೋರಿಸುತ್ತಾನೆ, ಸಿಗ್ನಲ್ ನೋಡಿಕೊಳ್ಳುವವನು ಸ್ಟೇಷನ್ ಮಾಸ್ತರನನ್ನು ತೋರಿಸುತ್ತಾನೆ, ಅವನು ಇನ್ನೊಬ್ಬನನ್ನು. ಲೋಕವ್ಯವಹಾರದಲ್ಲಿ ಅಂಥ ವಿಚಾರಣೆ ಆಗಲೇಬೇಕು. ಇಲ್ಲವಾದರೆ ನಾಳೆ ಅದೇ ಅಪಘಾತ ಮತ್ತೊಮ್ಮೆ ಆದೀತು. ತಪ್ಪಿತಸ್ಥನಿಗೆ ಶಿಕ್ಷೆಯಾಗುವುದು ರಾಜಧರ್ಮ. ಆದರೆ ಅದೇ ವಿಚಾರಣೆಯನ್ನು ನಾವು ದುಃಖದ ಮನೆಯೊಳಕ್ಕೂ ತರುತ್ತೇವೆ. ಅಣ್ಣ ಇನ್ನೂ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಿತ್ತು, ತಮ್ಮ ಮೊದಲೇ ತಿಳಿಸಬೇಕಿತ್ತು, ಮುಂಬಯಿಯ ಮಗ ಒಂದು ದಿನ ಮುಂಚೆ ಹೊರಡಬೇಕಿತ್ತು, ಸೊಸೆ ಗಮನಿಸಬೇಕಿತ್ತು. ಈ ವಿಚಾರಣೆಗೆ ವರದಿಯೇ ಇಲ್ಲ, ಮುಕ್ತಾಯವೂ ಇಲ್ಲ. ಹೆತ್ತವರು ಹೋದ ಮೇಲೆ ಒಡಹುಟ್ಟಿದವರು ಮಾತು ಬಿಟ್ಟ ಮನೆಗಳನ್ನು ನಾವೆಲ್ಲರೂ ಬಲ್ಲೆವು. ಹಾವು ಕಚ್ಚಿದ್ದು ಒಬ್ಬರನ್ನು. ವಿಷ ಏರಿದ್ದು ಇಡೀ ಮನೆಗೆ. ಗೌತಮಿಯು ಹಾವಿನ ಕಟ್ಟನ್ನು ಬಿಚ್ಚಿಸಿದ್ದರಿಂದ ಬಿಡುಗಡೆ ಹೊಂದಿದ್ದು ಹಾವು ಮಾತ್ರವಲ್ಲ, ಅವಳ ಮನಸ್ಸೂ ಹೌದು.

ಹಾಗಾದರೆ ಭಗವಂತನ ನ್ಯಾಯವೆಂತು? ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಈ ಆಕ್ಷೇಪವನ್ನೇ ಎತ್ತಿಕೊಂಡು ಉತ್ತರಿಸಲಾಗಿದೆ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖವನ್ನು ಕೊಡುವ ದೇವರಿಗೆ ಪಕ್ಷಪಾತ ಮತ್ತು ನಿರ್ದಯತೆ ಎಂಬ ದೋಷಗಳು ಬಾರವೇ ಎಂಬುದು ಅಲ್ಲಿಯ ಶಂಕೆ. ಜೀವರ ಕರ್ಮವನ್ನು ಅಪೇಕ್ಷಿಸಿಯೇ ಅವನು ಫಲವನ್ನು ಕೊಡುವುದರಿಂದ ಬಾರವು. ಆ ಕರ್ಮಪ್ರವಾಹವು ಅನಾದಿಯಾದುದರಿಂದ, ಮೊಟ್ಟಮೊದಲಿಗೆ ಯಾರಿಗೆ ಅನ್ಯಾಯವಾಯಿತೆಂಬ ಪ್ರಶ್ನೆಗೂ ಎಡೆಯಿಲ್ಲ ಎಂಬುದು ಸಮಾಧಾನ. ಹಾಗೆಂದು ಭಗವಂತನು ಕರ್ಮಕ್ಕೆ ಅಧೀನನೆಂದಲ್ಲ. ಕರ್ಮವೂ ಕಾಲವೂ ಜೀವನ ಸ್ವಭಾವವೂ ಅವನ ಅಧೀನವೇ. ಪೂರ್ಣಸ್ವತಂತ್ರನಾಗಿದ್ದೂ ಅವನು ನಿಯಮವನ್ನು ಮೀರದೆ ನಡೆಯಿಸುತ್ತಾನೆ. ಒಂದು ಜನ್ಮವೆಂಬುದು ಉದ್ದವಾದ ಲೆಕ್ಕದ ಪುಸ್ತಕದ ಒಂದು ಪುಟ. ಒಂದು ಪುಟವನ್ನಷ್ಟೇ ನೋಡಿದವನಿಗೆ ಜಮಾಖರ್ಚು ಸರಿದೂಗುವುದು ಕಾಣುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಕರ್ಮಸಿದ್ಧಾಂತವು ಸತ್ಯವಾದರೂ ಅದನ್ನು ಹೇಳುವ ಸಮಯ, ಹೇಳುವ ಬಾಯಿ ಯಾವುದೆಂಬ ವಿವೇಕ ಬೇಕು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು "ಎಲ್ಲ ನಿಮ್ಮ ಪ್ರಾರಬ್ಧ ತಾಯಿ" ಎನ್ನುವುದು ಶಾಸ್ತ್ರವಲ್ಲ, ಕ್ರೌರ್ಯ. ಗೌತಮಿಯ ಕಥೆಯನ್ನು ಮತ್ತೊಮ್ಮೆ ನೋಡಿರಿ. ಹಾವು, ಮೃತ್ಯು, ಕಾಲ ಮೂವರೂ ತಮ್ಮ ಮೇಲಿನ ಆರೋಪವನ್ನು ಬೇರೆಡೆಗೆ ಸರಿಸಿದರು. ಆದರೆ ಅವರಲ್ಲಿ ಒಬ್ಬರೂ ಆ ತಾಯಿಯ ಕಡೆಗೆ ಬೆರಳು ತೋರಿಸಲಿಲ್ಲ. ತನ್ನ ಕರ್ಮವೂ ಇದೆಯೆಂಬ ಮಾತು ಅವಳ ಬಾಯಿಂದಲೇ ಬಂದಿತು. ಅದಕ್ಕೂ ಮೊದಲೇ, ಯಾವ ತರ್ಕವೂ ಆರಂಭವಾಗದಿದ್ದಾಗಲೇ, ಹಾವನ್ನು ಬಿಡೆಂದು ಅವಳು ಹೇಳಿಯಾಗಿತ್ತು. ಕರ್ಮವಿಚಾರವು ತನ್ನ ದಾರಿಯನ್ನು ತಾನು ಕಂಡುಕೊಳ್ಳಲು ಹಿಡಿಯುವ ದೀಪ. ಪರರ ಮೇಲೆ ಎಸೆಯುವ ಕಲ್ಲಲ್ಲ. ತನ್ನ ದುಃಖಕ್ಕೆ ಕರ್ಮವನ್ನು ನೆನೆಯಬೇಕು. ಪರರ ದುಃಖಕ್ಕೆ ಕರುಣೆಯನ್ನು ನೆನೆಯಬೇಕು.

ಮೂರನೆಯದು ಸ್ವರ್ಗದ ಪ್ರಶ್ನೆ. ಸ್ವರ್ಗಾರೋಹಣಪರ್ವದಲ್ಲಿ ಧರ್ಮರಾಜನು ಸ್ವರ್ಗವನ್ನು ಸೇರಿದಾಗ ಅವನ ಕಣ್ಣಿಗೆ ಮೊದಲು ಬಿದ್ದವನು ದುರ್ಯೋಧನ; ಸೂರ್ಯನಂತೆ ಬೆಳಗುತ್ತ ಆಸನದಲ್ಲಿ ಕುಳಿತಿದ್ದನು. ತಮ್ಮಂದಿರಿಲ್ಲ, ದ್ರೌಪದಿಯಿಲ್ಲ. ಅವರಿರುವಲ್ಲಿಗೆ ಕರೆದೊಯ್ಯೆಂದು ಕೇಳಿದಾಗ ದೇವದೂತನು ಕತ್ತಲೆಯ, ದುರ್ಗಂಧದ ದಾರಿಯಲ್ಲಿ ಕರೆದೊಯ್ದನು. ಸಹಿಸಲಾರದೆ ಹಿಂದಿರುಗಬೇಕೆನ್ನುವಷ್ಟರಲ್ಲಿ ಕತ್ತಲಿನೊಳಗಿನಿಂದ ದೀನಸ್ವರಗಳು ಕೇಳಿದವು. ನಿನ್ನ ಮೈಯ ಗಾಳಿ ಸೋಕಿ ನಮಗೆ ತಂಪಾಗಿದೆ, ಕ್ಷಣಕಾಲ ನಿಲ್ಲು ಎಂದು ಅವು ಬೇಡಿದವು. ಯಾರೆಂದು ಕೇಳಿದರೆ ಕರ್ಣ, ಭೀಮ, ಅರ್ಜುನ, ನಕುಲ, ಸಹದೇವ, ದ್ರೌಪದಿ ಎಂದು ಉತ್ತರ ಬಂದಿತು. ಧರ್ಮರಾಜನು ದೂತನಿಗೆ ಹೇಳಿದ್ದರ ಸಾರ ಇಷ್ಟು: ನೀನು ಹಿಂದಿರುಗು, ನಾನಿರುವುದರಿಂದ ಇವರಿಗೆ ಸುಖವಾಗುವುದಾದರೆ ನಾನು ಇಲ್ಲಿಯೇ ಇರುತ್ತೇನೆ. ಆ ನಿರ್ಧಾರದ ಬಳಿಕ ಇಂದ್ರಾದಿದೇವತೆಗಳು ಅಲ್ಲಿಗೇ ಬಂದರು. ಕತ್ತಲೆ ಕರಗಿತು, ನರಕದ ನೋಟವೇ ಇಲ್ಲವಾಯಿತು. ಬಳಿಕ ಆಕಾಶಗಂಗೆಯಲ್ಲಿ ಮಿಂದು, ಮಾನುಷದೇಹದೊಂದಿಗೆ ವೈರವನ್ನೂ ಶೋಕವನ್ನೂ ಕಳಚಿಟ್ಟು ಅವನು ತನ್ನವರನ್ನು ಸೇರಿದನು.

ಪುಣ್ಯವು ಸ್ವಲ್ಪವಿದ್ದು ಪಾಪವು ಬಹಳವಿದ್ದವನು ಮೊದಲು ಸ್ವರ್ಗವನ್ನು ಕಾಣುತ್ತಾನೆಂದೂ, ಪಾಪವು ಸ್ವಲ್ಪವಿದ್ದವನು ಮೊದಲು ನರಕವನ್ನು ಕಂಡು ಆಮೇಲೆ ದೀರ್ಘಸುಖವನ್ನು ಪಡೆಯುತ್ತಾನೆಂದೂ ಇಂದ್ರನು ಅಲ್ಲಿ ವಿವರಿಸುತ್ತಾನೆ. ದುರ್ಯೋಧನನ ಸಿಂಹಾಸನವನ್ನು ಕಂಡು ಧರ್ಮರಾಜನಿಗಾದ ಕ್ಷೋಭೆಯು ನಮಗೂ ನಿತ್ಯ ಆಗುತ್ತದೆ. ದುಷ್ಟನು ನೂರು ವರ್ಷ ಬದುಕಿದ, ಸಜ್ಜನನು ನಲವತ್ತಕ್ಕೇ ಹೋದ ಎನ್ನುತ್ತೇವೆ. ನಾವು ನೋಡುತ್ತಿರುವುದು ಮಧ್ಯದ ದೃಶ್ಯವನ್ನು, ಕೊನೆಯದನ್ನಲ್ಲ.

ಇಷ್ಟಾಗಿಯೂ ಸ್ವರ್ಗವು ನಮ್ಮ ಗುರಿಯಲ್ಲ. ಪುಣ್ಯವು ತೀರಿದೊಡನೆ ಅಲ್ಲಿಂದ ಹಿಂದಿರುಗಬೇಕೆಂದು ಗೀತೆಯ 9ನೆಯ ಅಧ್ಯಾಯವು ತಿಳಿಸುತ್ತದೆ. ನಮ್ಮ ಹಿರಿಯರು ಮನೆಯಲ್ಲಿ ಯಾರಾದರೂ ತೀರಿಕೊಂಡರೆ "ಹರಿಪಾದ ಸೇರಿದರು" ಎನ್ನುತ್ತಿದ್ದರು. ಇದು ಕೇವಲ ಸೌಜನ್ಯದ ಮಾತಲ್ಲ, ಸಿದ್ಧಾಂತವೇ ಅದರಲ್ಲಿದೆ. ಪಂಚಭೇದಗಳಲ್ಲಿ ಒಂದಾದ ಜೀವಜೀವಭೇದವು ಮುಕ್ತಿಯಲ್ಲಿಯೂ ಅಳಿಯುವುದಿಲ್ಲ ಎಂಬುದು ಆಚಾರ್ಯರ ನಿರ್ಣಯ. ಹೋದ ಜೀವನು ಯಾವುದೋ ಒಂದರಲ್ಲಿ ಕರಗಿ ಹೆಸರಿಲ್ಲದೆ ಹೋಗಲಿಲ್ಲ. ಆ ಜೀವನು ಆ ಜೀವನಾಗಿಯೇ ಇದ್ದಾನೆ, ಎಂದಿಗೂ ಇರುತ್ತಾನೆ. ತಾಯಿ, ಮಗ ಎಂಬ ದೇಹಸಂಬಂಧವು ಈ ಜನ್ಮಕ್ಕೆ ಸೇರಿದ್ದು. ಆದರೆ ನಾವು ಪ್ರೀತಿಸಿದ ಆ ಚೇತನವು ನಿತ್ಯವಾದುದು. ಮುಕ್ತಿಯೆಂದರೆ ಅಂಥ ಒಂದೊಂದು ಜೀವಸ್ವರೂಪದಲ್ಲಿಯೂ ಅಡಗಿರುವ ಆನಂದವು ಪೂರ್ಣವಾಗಿ ಪ್ರಕಟವಾಗುವುದು. ಅಲ್ಲಿ ತಾರತಮ್ಯವಿದೆ, ಆದರೆ ಮತ್ಸರವಿಲ್ಲ. ಪಾತ್ರೆಗಳು ಚಿಕ್ಕವಿರಬಹುದು, ದೊಡ್ಡವಿರಬಹುದು. ಎಲ್ಲವೂ ತುಂಬಿರುತ್ತವೆ ಎಂದು ಹಿರಿಯರು ಹೇಳುವುದುಂಟು.

ಕಠೋಪನಿಷತ್ತಿನಲ್ಲಿ ಯಮನ ಮನೆಯ ಬಾಗಿಲಲ್ಲಿ ಮೂರು ರಾತ್ರಿ ಉಪವಾಸವಿದ್ದ ನಚಿಕೇತನು ಮೂರು ವರಗಳನ್ನು ಪಡೆದನು. ಮೊದಲ ವರದಿಂದ ಆ ಬಾಲಕನು ಕೇಳಿದ್ದು ತನ್ನ ತಂದೆಯ ಮನಶ್ಶಾಂತಿಯನ್ನು. ಹೋದ ಮಗುವಿಗೆ ಹಿಂದೆ ಉಳಿದವರ ಚಿಂತೆಯೇ ಮೊದಲು! ಎರಡನೆಯದು ಸ್ವರ್ಗಸಾಧಕವಾದ ಅಗ್ನಿವಿದ್ಯೆ. ಅಷ್ಟಕ್ಕೇ ತೃಪ್ತನಾಗದೆ ಅವನು ಮೂರನೆಯದನ್ನು ಕೇಳಿದನು. ಸತ್ತ ಮೇಲೆ ಜೀವನು ಇರುವನೋ ಇಲ್ಲವೋ ಎಂಬುದಷ್ಟೇ ಆ ಪ್ರಶ್ನೆಯಲ್ಲ. ಮುಕ್ತನಾದ ಜೀವನಿಗೂ ನಿಯಾಮಕನಾಗಿ ಶ್ರೀಹರಿಯು ಇರುವನೋ ಇಲ್ಲವೋ ಎಂಬುದೇ ಪ್ರಶ್ನೆಯೆಂದು ಶ್ರೀಮದಾಚಾರ್ಯರು ತಮ್ಮ ಭಾಷ್ಯದಲ್ಲಿ ಅರ್ಥೈಸಿದ್ದಾರೆ. ಇರುವನೆಂಬುದೇ ಉತ್ತರ. ಬದುಕಿದ್ದಾಗ ಕೈಹಿಡಿದವನು ಸತ್ತಾಗ ಬಿಡುವುದಿಲ್ಲ, ಮುಕ್ತಿಯಲ್ಲಿಯೂ ಬಿಡುವುದಿಲ್ಲ. ನಮ್ಮ ಭರವಸೆಗೆ ಇದಕ್ಕಿಂತ ಗಟ್ಟಿಯಾದ ನೆಲೆ ಬೇರೊಂದಿಲ್ಲ.

ಪರಸ್ಥಳದಲ್ಲಿರುವ ನಮ್ಮ ಕುಟುಂಬಗಳನ್ನು ಕಾಡುವ ಇನ್ನೊಂದು ಅಳುಕಿದೆ. ಕೃಷ್ಣೆಯ ದಡದಲ್ಲಿ, ತುಳಸಿಯ ಕಟ್ಟೆಯ ಮಗ್ಗುಲಲ್ಲಿ ಕಣ್ಣುಮುಚ್ಚಬೇಕಾದವರು ಯಾವುದೋ ಆಸ್ಪತ್ರೆಯ ಯಂತ್ರಗಳ ನಡುವೆ ಹೋದರಲ್ಲ; ಅವರಿಗೆ ಸದ್ಗತಿಯೇ? ಕ್ಷೇತ್ರಗಳ, ತೀರ್ಥಗಳ ಮಹಿಮೆಯನ್ನು ಶಾಸ್ತ್ರವು ಹೇಳಿರುವುದು ನಿಜ. ಆದರೆ ಗೀತೆಯ 8ನೆಯ ಅಧ್ಯಾಯದಲ್ಲಿ ಅಂತ್ಯಕಾಲವನ್ನು ಕುರಿತು ಹೇಳುವಾಗ ಭಗವಂತನು ಊರನ್ನು ಕೇಳುವುದಿಲ್ಲ, ಸ್ಮರಣೆಯನ್ನು ಕೇಳುತ್ತಾನೆ. ಆ ಸ್ಮರಣೆಯೂ ಕೊನೆಯ ಗಳಿಗೆಯಲ್ಲಿ ತಾನಾಗಿ ಬರುವುದಲ್ಲ, ಎಲ್ಲ ಕಾಲದಲ್ಲಿಯೂ ನೆನೆ ಎಂದು ಕೂಡಲೇ ಸೇರಿಸುತ್ತಾನೆ. ಐವತ್ತು ವರ್ಷ ನಿತ್ಯ ದೇವರಿಗೆ ದೀಪ ಹಚ್ಚಿದ ತಾಯಿಯ ಅಂತಃಕರಣವು ಯಾವ ಆಸ್ಪತ್ರೆಯಲ್ಲಿ ಮಲಗಿದರೂ ಬರಿದಾಗಿರುವುದಿಲ್ಲ. ನಾಲಿಗೆ ಆಡದಿರಬಹುದು, ಬಿಂಬರೂಪಿಯಾಗಿ ಒಳಗೇ ಇರುವವನಿಗೆ ನಾಲಿಗೆಯ ಸಾಕ್ಷಿ ಬೇಕಿಲ್ಲ.

ಸಕಾಲಕ್ಕೆ ಮುಟ್ಟಲಾಗದ ಮಗನನ್ನೂ ನಮ್ಮ ಧರ್ಮಶಾಸ್ತ್ರಗಳು ಮರೆತಿಲ್ಲ. ಹೆತ್ತವರ ಮರಣವಾರ್ತೆಯು ದೇಶಾಂತರದಲ್ಲಿರುವ ಮಗನಿಗೆ ಎಷ್ಟು ತಡವಾಗಿ ತಿಳಿದರೂ, ತಿಳಿದಂದಿನಿಂದ ಹತ್ತು ದಿನ ಆಶೌಚವೆಂಬ ವಿಧಿಯಿದೆ. ಮಗನು ದೂರವಿರಬಹುದು, ಸುದ್ದಿ ತಡವಾಗಬಹುದು ಎಂಬುದನ್ನು ಆ ಋಷಿಗಳು ಅಂದೇ ಬಲ್ಲವರಾಗಿದ್ದರು. ತಡವಾದವನಿಗೆ ಅವರು ಬಾಗಿಲು ಮುಚ್ಚಲಿಲ್ಲ. ಅವನ ದುಃಖಕ್ಕೂ ಪೂರ್ಣವಾದ ಹತ್ತು ದಿನಗಳನ್ನು ಕೊಟ್ಟರು. ಶ್ರಾದ್ಧದಲ್ಲಿಯೂ ಹೀಗೆಯೇ. ತಂದೆಗೆ ವಸುಗಳ ಅಂತರ್ಗತನಾದ ಪ್ರದ್ಯುಮ್ನ, ತಾತನಿಗೆ ರುದ್ರರ ಅಂತರ್ಗತನಾದ ಸಂಕರ್ಷಣ, ಮುತ್ತಾತನಿಗೆ ಆದಿತ್ಯರ ಅಂತರ್ಗತನಾದ ವಾಸುದೇವ ಎಂದು ನಾವು ಅನುಸಂಧಾನ ಮಾಡುತ್ತೇವೆ. ಕೊಡುವವನೊಳಗೂ, ಮುಟ್ಟಿಸುವವರೊಳಗೂ, ಕೊಳ್ಳುವವನೊಳಗೂ ಇರುವವನು ಅವನೊಬ್ಬನೇ. ಆದ್ದರಿಂದ ಪುಣೆಯ ಚಿಕ್ಕ ಮನೆಯಲ್ಲಿ ಇಟ್ಟ ಪಿಂಡವು ದಾರಿತಪ್ಪುವ ಭಯವಿಲ್ಲ. ಶ್ರದ್ಧೆಯಿಂದ ಮಾಡಿದುದಕ್ಕೇ ಶ್ರಾದ್ಧವೆಂದು ಹೆಸರು.

ಕೊನೆಯದಾಗಿ ನಮ್ಮ ಕರ್ತವ್ಯ. ಊರಿನಲ್ಲಾದರೆ ಸಾವಿನ ಮನೆಗೆ ಅಕ್ಕಪಕ್ಕದವರು ಹೇಳದೆ ಬರುತ್ತಿದ್ದರು. ಆ ಮನೆಯಲ್ಲಿ ಒಲೆ ಹೊತ್ತದಿದ್ದರೂ ಮಕ್ಕಳು ಹಸಿದಿರುತ್ತಿರಲಿಲ್ಲ. ಇಲ್ಲಿ ಎದುರು ಬಾಗಿಲಿನವರಿಗೂ ಸುದ್ದಿ ತಿಳಿಯುವುದಿಲ್ಲ. ಆದುದರಿಂದ ಈ ನಗರಗಳಲ್ಲಿ ಮಠವೇ ಆ ಕೇರಿ, ಮಠದ ಭಕ್ತರೇ ಆ ನೆರೆಹೊರೆ. ಅಂಥ ಮನೆಗೆ ಹೋದಾಗ ಉಪದೇಶ ಬೇಡ. ಮೊದಲು ಕುಳಿತುಕೊಳ್ಳಿರಿ. ಪುರೋಹಿತರನ್ನು ಗೊತ್ತುಮಾಡಿಕೊಡಿರಿ, ಅಪರಕರ್ಮಕ್ಕೆ ಸ್ಥಳ ನೋಡಿಕೊಡಿರಿ, ಊರಿಗೆ ಹೋಗಬೇಕಾದವರಿಗೆ ಟಿಕೆಟ್ಟು ತಂದುಕೊಡಿರಿ. ಹದಿಮೂರು ದಿನ ಕಳೆದ ಮೇಲೆ, ಎಲ್ಲರೂ ಬರುವುದನ್ನು ನಿಲ್ಲಿಸಿದಾಗ, ಮತ್ತೊಮ್ಮೆ ಹೋಗಿರಿ. ಧರ್ಮರಾಜನು ಕತ್ತಲಿನಲ್ಲಿ ಮಾಡಿದ್ದು ಇಷ್ಟೇ: ತನ್ನವರ ಬಳಿ ನಿಂತನು. ಅವನ ಮೈಯ ಗಾಳಿಯೇ ಅವರಿಗೆ ತಂಪಾಯಿತು. ದೇವತೆಗಳು ಅವನನ್ನು ಹುಡುಕಿಕೊಂಡು ಬಂದದ್ದು ಅಲ್ಲಿಗೆ.

ಅಗಲಿದ ನಮ್ಮೆಲ್ಲರ ಹಿರಿಯರಿಗೂ, ಅಕಾಲದಲ್ಲಿ ಅಗಲಿದ ಕಿರಿಯರಿಗೂ ಶ್ರೀಹರಿವಾಯುಗುರುಗಳು ಸದ್ಗತಿಯನ್ನು ಅನುಗ್ರಹಿಸಲಿ. ಉಳಿದವರಿಗೆ ಸೈರಣೆಯನ್ನೂ ಪರಸ್ಪರ ಪ್ರೀತಿಯನ್ನೂ ದಯಪಾಲಿಸಲಿ ಎಂದು ಪ್ರಾರ್ಥಿಸುತ್ತೇನೆ. ಈ ವಾಕ್ಸೇವೆಯು ಶ್ರೀಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನಿಗೆ ಪ್ರೀತಿಯಾಗಲಿ.

ಶ್ರೀಕೃಷ್ಣಾರ್ಪಣಮಸ್ತು.